ಬೀಜದ ಕುಲವೋ, ಬೀಜದ ನಡತೆಯೋ?

ಆಹಾರದ ವಿಷಯದಲ್ಲಿ ಜೈನ ಸಮಾಜದಷ್ಟು ಎಚ್ಚರ ವಹಿಸಿದ ಸಮಾಜ ಮತ್ತೊಂದಿರಲಾರದು. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮೊದಲೇ ಭೋಜನ ಮುಗಿಸುವುದು, ಕಂದಮೂಲಗಳನ್ನು ವರ್ಜಿಸುವುದು, ಬಹುಬೀಜವೆಂಬ ಕಾರಣಕ್ಕೆ ಬದನೆಯನ್ನು ಬಿಡುವುದು, ಇವೆಲ್ಲ ಶತಮಾನಗಳಿಂದ ಶ್ರಾವಕರ ಮನೆಗಳಲ್ಲಿ ನಡೆದುಬಂದ ಸಂಯಮದ ರೂಢಿಗಳು. ಈ ಎಚ್ಚರ ಶ್ಲಾಘ್ಯವಾದುದು. ಆದರೆ ಎಚ್ಚರವು ವಿವೇಕದ ಜೊತೆ ಬಿಟ್ಟರೆ ಕೇವಲ ಅಂಜಿಕೆಯಾಗಿ ಉಳಿಯುತ್ತದೆ. ಕುಲಾಂತರಿ ಬೀಜಗಳ ವಿಷಯದಲ್ಲಿ ಇಂದು ಆಗಿರುವುದು ಅದೇ.

ಕುಲಾಂತರಿ ಎಂಬ ಮಾತು ಕಿವಿಗೆ ಬಿದ್ದೊಡನೆ ಧರ್ಮನಿಷ್ಠ ಮನೆಗಳಲ್ಲಿ ಹುಟ್ಟುವ ಮೊದಲ ಪ್ರಶ್ನೆ ಒಂದೇ: ಇದರಲ್ಲಿ ಪ್ರಾಣಿಯ ಅಂಶವಿದೆಯೇ? ಟೊಮೆಟೊದಲ್ಲಿ ಮೀನಿನ ಅಂಶ ಸೇರಿಸಿದ್ದಾರೆ ಎಂಬ ಮಾತು ಮೂವತ್ತು ವರ್ಷಗಳಿಂದ ಬಾಯಿಂದ ಬಾಯಿಗೆ ಹರಿದುಬಂದಿದೆ. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಚಳಿನೀರಿನ ಮೀನೊಂದರ ಜೀನನ್ನು ಟೊಮೆಟೊ ಗಿಡಕ್ಕೆ ಸೇರಿಸುವ ಪ್ರಯೋಗ ನಡೆದದ್ದು ನಿಜ. ಆ ಹಣ್ಣು ಯಾವ ದೇಶದ ಮಾರುಕಟ್ಟೆಗೂ ಬರಲಿಲ್ಲ ಎಂಬುದೂ ಅಷ್ಟೇ ನಿಜ. 1994ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಮೊದಲ ಕುಲಾಂತರಿ ಟೊಮೆಟೊದಲ್ಲಿ ಮೀನಿನ ಜೀನ್ ಇರಲಿಲ್ಲ. ಬೇಗ ಮೆತ್ತಗಾಗದಂತೆ ಗಿಡದ್ದೇ ಒಂದು ಜೀನಿನ ಕೆಲಸವನ್ನು ತಡೆಯಲಾಗಿತ್ತು. ಆದರೂ ಮೀನಿನ ಟೊಮೆಟೊ ಸಮಾಜದ ಮನಸ್ಸಿನಿಂದ ಅಳಿದಿಲ್ಲ. ಇಲ್ಲದ ಹಣ್ಣನ್ನು ತಿನ್ನುವುದಿಲ್ಲವೆಂದು ವ್ರತ ಹಿಡಿದವರು, ಇರುವ ಹೊಲದಲ್ಲಿ ಏನು ನಡೆಯುತ್ತಿದೆ ಎಂದು ನೋಡಲು ಮರೆತಿದ್ದಾರೆ.

ದೀಪದ ಬತ್ತಿಯಲ್ಲಿ ಬಂದದ್ದು

ಭಾರತದಲ್ಲಿ ವಾಣಿಜ್ಯ ಸಾಗುವಳಿಗೆ ಬಂದಿರುವ ಕುಲಾಂತರಿ ಬೆಳೆ ಒಂದೇ, ಅದು ಬಿ.ಟಿ. ಹತ್ತಿ. 2002ರ ಮಾರ್ಚ್ 26ರಂದು ಕೇಂದ್ರ ಸರ್ಕಾರದ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿಯು ಮೂರು ಬಿ.ಟಿ. ಹೈಬ್ರಿಡ್‌ಗಳಿಗೆ ಒಪ್ಪಿಗೆ ನೀಡಿತು. ಎರಡು ಜೀನ್‌ಗಳುಳ್ಳ ಎರಡನೆಯ ಪೀಳಿಗೆಯ ಹತ್ತಿ 2006ರಲ್ಲಿ ಬಂತು. ಇಂದು ದೇಶದ ಹತ್ತಿಯ ವಿಸ್ತೀರ್ಣದ 90 ಪ್ರತಿಶತಕ್ಕೂ ಹೆಚ್ಚಿನ ಭಾಗದಲ್ಲಿ ಬೆಳೆಯುತ್ತಿರುವುದು ಇದೇ. ಅಂದಮೇಲೆ ಬಸದಿಯ ನಂದಾದೀಪದ ಬತ್ತಿ, ಪೂಜೆಗೆ ಉಡುವ ಮಡಿಯ ಬಟ್ಟೆ, ತ್ಯಾಗಿಗಳಿಗೆ ಹೊದಿಸುವ ವಸ್ತ್ರ, ಎಲ್ಲವೂ ಬಹುಮಟ್ಟಿಗೆ ಕುಲಾಂತರಿ ಗಿಡದ ಫಲವೇ. ಹತ್ತಿಕಾಳು ಮತ್ತು ಅದರ ಹಿಂಡಿ ಹಸು ಎಮ್ಮೆಗಳ ಮೇವು. ಆ ಹಾಲಿನಿಂದಲೇ ಅಭಿಷೇಕ ನಡೆಯುತ್ತದೆ. ಬಾಗಿಲಲ್ಲಿ ಕಾವಲು ಕುಳಿತು ತಡೆಯಲು ಹೊರಟ ವಸ್ತುವು ಗರ್ಭಗೃಹದಲ್ಲಿ ಇಪ್ಪತ್ತು ವರ್ಷಗಳಿಂದ ಇದೆ.

ಇದನ್ನು ಕೇಳಿ ದೀಪವನ್ನು ಆರಿಸಬೇಕಾಗಿಲ್ಲ. ಬತ್ತಿಯು ಜೀನಿನ ಕಾರಣದಿಂದ ಅಪವಿತ್ರವಾಗುವುದಿಲ್ಲ. ಜೀನ್ ಎಂಬುದು ಜೀವವಲ್ಲ. ಅದು ಜೀವಕೋಶದೊಳಗಿನ ರಾಸಾಯನಿಕ ಬರಹ. ಒಂದು ಸಸಾರಜನಕವನ್ನು ಹೇಗೆ ಕಟ್ಟಬೇಕೆಂಬ ಸೂಚನೆ ಅದರಲ್ಲಿದೆ, ಅಷ್ಟೆ. ಅದಕ್ಕೆ ಇಂದ್ರಿಯವಿಲ್ಲ, ಚೇತನವಿಲ್ಲ, ನೋವಿಲ್ಲ. ಜೀವವೂ ಅಜೀವವೂ ಬೇರೆ ಬೇರೆ ಎಂಬ ವಿವೇಚನೆಯನ್ನೇ ದರ್ಶನದ ಮೊದಲ ಮೆಟ್ಟಿಲಾಗಿಟ್ಟುಕೊಂಡ ಸಮಾಜವು ಪುದ್ಗಲದ ಒಂದು ಬರಹವನ್ನು ಮಾಂಸವೆಂದು ಭ್ರಮಿಸುವುದು ಸಿದ್ಧಾಂತಕ್ಕೇ ಹೊಂದದು. ವ್ಯಕ್ತಿಯ ಯೋಗ್ಯತೆಯನ್ನು ಹುಟ್ಟಿನಿಂದ ಅಳೆಯದೆ ನಡತೆಯಿಂದ ಅಳೆಯಬೇಕೆಂದು ಸಾರಿದ ಧರ್ಮವಿದು. ಬೀಜವನ್ನು ಮಾತ್ರ ಅದರ ಕುಲದಿಂದ ಅಳೆಯುವುದು ಯಾವ ನ್ಯಾಯ?

ಹಳೆಯ ಬೀಜದ ಕಥೆ

ಇನ್ನೊಂದು ಭ್ರಮೆಯೂ ಇದೆ. ಕುಲಾಂತರಿಯಲ್ಲದ ಬೀಜವೆಲ್ಲ ಸಹಜ, ಸಾತ್ತ್ವಿಕ, ಪೂರ್ವಜರು ಕೊಟ್ಟದ್ದು ಎಂಬುದೇ ಆ ಭ್ರಮೆ. ಸಾಂಪ್ರದಾಯಿಕ ತಳಿ ಅಭಿವೃದ್ಧಿ ಎಂಬ ಒಂದೇ ಹೆಸರಿನಡಿ ಹಲವು ಬಗೆಯ ಕೆಲಸಗಳು ಅಡಗಿವೆ. ರೈತನು ಹೊಲದಲ್ಲಿ ಒಳ್ಳೆಯ ತೆನೆಯನ್ನು ಆರಿಸಿ ಮುಂದಿನ ವರ್ಷಕ್ಕೆ ಎತ್ತಿಡುವುದು ಒಂದು. ಎರಡು ತಳಿಗಳನ್ನು ಕೂಡಿಸಿ ಹಲವು ಪೀಳಿಗೆಗಳವರೆಗೆ ಆರಿಸಿ ಸ್ಥಿರವಾದ ತಳಿ ಪಡೆಯುವುದು ಮತ್ತೊಂದು. ಪ್ರತಿವರ್ಷವೂ ಕೊಳ್ಳಲೇಬೇಕಾದ ಹೈಬ್ರಿಡ್ ಮೂರನೆಯದು. ಗಾಮಾ ಕಿರಣಗಳನ್ನು ಬೀಜಗಳ ಮೇಲೆ ಹಾಯಿಸಿ, ಯಾವ ಜೀನ್ ಎಲ್ಲಿ ಮುರಿಯಿತೆಂದು ತಿಳಿಯದೆಯೇ, ಹುಟ್ಟಿದ ಗಿಡಗಳಲ್ಲಿ ಬೇಕಾದುದನ್ನು ಆರಿಸುವುದು ನಾಲ್ಕನೆಯದು. ಈ ಕೊನೆಯ ವಿಧಾನದಿಂದ ಜಗತ್ತಿನಲ್ಲಿ 3,000ಕ್ಕೂ ಹೆಚ್ಚು ತಳಿಗಳು ಬಂದಿವೆ. ಮುಂಬೈಯ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಶೇಂಗಾ ತಳಿಗಳನ್ನು ಹಲವು ರಾಜ್ಯಗಳ ರೈತರು ವರ್ಷಗಳಿಂದ ಬೆಳೆಯುತ್ತಿದ್ದಾರೆ. ಅದರ ಎಣ್ಣೆಯಲ್ಲಿ ಕರಿದ ಪದಾರ್ಥವನ್ನು ಯಾವ ಶ್ರಾವಕನೂ ಶಂಕಿಸಿಲ್ಲ, ಶಂಕಿಸಬೇಕಾಗಿಯೂ ಇಲ್ಲ.

ಧಾರವಾಡದ ಹತ್ತಿಯ ಕಥೆ ಕನ್ನಡ ನಾಡಿನ ರೈತ ಜೈನ ಕುಟುಂಬಗಳಿಗೆ ಚೆನ್ನಾಗಿ ತಿಳಿದಿದೆ. ಜಯಧರದಂತಹ ನಾಟಿ ಹತ್ತಿಯನ್ನು ಬೆಳೆಯುತ್ತಿದ್ದ ಕಪ್ಪು ನೆಲಕ್ಕೆ 1972ರಲ್ಲಿ ಡಾ. ಬಿ.ಎಚ್. ಕಟರಕಿ ಅವರು ಧಾರವಾಡದಲ್ಲಿ ರೂಪಿಸಿದ ವರಲಕ್ಷ್ಮಿ ಹೈಬ್ರಿಡ್ ಬಂತು, 1981ರಲ್ಲಿ ಡಿ.ಸಿ.ಎಚ್.-32, ಅಂದರೆ ಜಯಲಕ್ಷ್ಮಿ ಬಂತು. ಉದ್ದನೆಯ ಎಳೆಗೆ ಹೆಸರಾದ ಆ ಹತ್ತಿಗಳು ಅನೇಕ ಮನೆಗಳಿಗೆ ಸಂಪತ್ತನ್ನು ತಂದವು. ಅವುಗಳಲ್ಲಿ ಕುಲಾಂತರಿಯ ಸೋಂಕು ಇರಲಿಲ್ಲ. ಆದರೆ ಹೈಬ್ರಿಡ್ ಹತ್ತಿ ಹಬ್ಬಿದಂತೆ ಕೀಟನಾಶಕದ ಡಬ್ಬಿಯೂ ಹಬ್ಬಿತು. 1990ರ ದಶಕದಲ್ಲಿ ದೇಶದ ಸಾಗುವಳಿ ಭೂಮಿಯ ಸುಮಾರು 5 ಪ್ರತಿಶತದಲ್ಲಿದ್ದ ಹತ್ತಿಯು ಒಟ್ಟು ಕೀಟನಾಶಕದ ಸುಮಾರು ಅರ್ಧ ಭಾಗವನ್ನು ನುಂಗುತ್ತಿತ್ತು. ಆ ಕಾಲದಲ್ಲಿ ಬೀಜದ ಬಗ್ಗೆ ಯಾರೂ ಧರ್ಮಸಭೆಯಲ್ಲಿ ಪ್ರಶ್ನೆ ಎತ್ತಲಿಲ್ಲ. ಕೋಟ್ಯಂತರ ತ್ರಸಜೀವಿಗಳ ವಧೆಯು ಸಾಂಪ್ರದಾಯಿಕ ಬೀಜದ ನೆರಳಿನಲ್ಲಿ ನಡೆದುದರಿಂದ ಅದು ಕಣ್ಣಿಗೆ ಬೀಳಲಿಲ್ಲವೇ?

ಇದಕ್ಕಿಂತ ಕಠೋರವಾದ ಸಂಗತಿಯೊಂದಿದೆ. ಹೈಬ್ರಿಡ್ ಹತ್ತಿಯ ಬೀಜವನ್ನು ತಯಾರಿಸಲು ಪ್ರತಿ ಹೂವಿನ ಕೇಸರಗಳನ್ನು ಸಂಜೆ ಕೈಯಿಂದ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗವನ್ನು ಮುಟ್ಟಿಸಬೇಕು. ತಿಂಗಳುಗಟ್ಟಲೆ ನಡೆಯುವ ಈ ಕೆಲಸಕ್ಕೆ ಆಂಧ್ರ ಪ್ರದೇಶ, ಕರ್ನಾಟಕ, ಗುಜರಾತುಗಳ ಬೀಜೋತ್ಪಾದನೆಯ ಹೊಲಗಳಲ್ಲಿ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ದೊಡ್ಡ ಸಂಖ್ಯೆಯಲ್ಲಿ ದುಡಿಸಿಕೊಂಡದ್ದು 1990ರ ದಶಕದ ಕೊನೆಯಿಂದ ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ. ಬಿ.ಟಿ. ಬರುವ ಮೊದಲೂ ಇದು ಇತ್ತು, ಬಂದಮೇಲೂ ಇತ್ತು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದೆಂದು ಆಚಾರ್ಯರು ಎಣಿಸಿದ್ದಾರೆ. ಎತ್ತಿನ ಬೆನ್ನ ಮೇಲಿನ ಹೆಚ್ಚಿನ ಹೇರು ಕೂಡ ವ್ರತಕ್ಕೆ ಕಳಂಕ. ಹಾಗಿರುವಾಗ ಶಾಲೆ ಬಿಟ್ಟ ಹತ್ತು ವರ್ಷದ ಬಾಲಕಿಯ ಬೆರಳ ಮೇಲಿನ ಭಾರಕ್ಕೆ ಏನೆನ್ನಬೇಕು? ಬೀಜದಲ್ಲಿ ಯಾವ ಜೀನ್ ಇದೆಯೆಂದು ವಿಚಾರಿಸುವವರು, ಅದನ್ನು ಯಾರ ಕೈ ಮಾಡಿತೆಂದು ವಿಚಾರಿಸಿದ್ದುಂಟೇ?

ಬಿ.ಟಿ. ಪರವಾದ ಮಾತು ಮತ್ತು ಅದರ ಮಿತಿ

ಇಷ್ಟು ಹೇಳಿದ ಮಾತ್ರಕ್ಕೆ ಕುಲಾಂತರಿ ಬೀಜದ ಕಂಪನಿಗಳ ವಾದಕ್ಕೆ ಮಣೆ ಹಾಕಬೇಕೆಂದಲ್ಲ. ಬಿ.ಟಿ. ಹತ್ತಿಯೇ ಅಹಿಂಸೆಯ ಹತ್ತಿ, ಏಕೆಂದರೆ ಸಿಂಪಡಣೆ ಕಡಿಮೆಯಾಗುತ್ತದೆ ಎಂಬ ವಾದವನ್ನು ಕೆಲವು ಸುಶಿಕ್ಷಿತ ಶ್ರಾವಕರೂ ಒಪ್ಪಿಕೊಂಡಿದ್ದಾರೆ. ಅದನ್ನು ನಯದೃಷ್ಟಿಯಿಂದ ಪರೀಕ್ಷಿಸಬೇಕು.

ಬಿ.ಟಿ. ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಮಣ್ಣಿನ ಸೂಕ್ಷ್ಮಾಣು. 1901ರಲ್ಲಿ ಜಪಾನಿನ ವಿಜ್ಞಾನಿ ಇಶಿವಾಟಾ ರೇಷ್ಮೆಹುಳುಗಳ ಹಠಾತ್ ಸಾವಿಗೆ ಕಾರಣ ಹುಡುಕುತ್ತ ಇದನ್ನು ಕಂಡರು. ಬಳಿಕ ಜರ್ಮನಿಯ ಬರ್ಲಿನರ್ ಇದಕ್ಕೆ ಈಗಿನ ಹೆಸರನ್ನಿಟ್ಟರು. ಈ ಸೂಕ್ಷ್ಮಾಣು ತಯಾರಿಸುವ ಸಸಾರಜನಕವು ಮರಿಹುಳುವಿನ ಕ್ಷಾರೀಯ ಕರುಳಿನಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿ, ಅದರಲ್ಲಿ ರಂಧ್ರಗಳನ್ನು ಮಾಡುತ್ತದೆ. ಹುಳು ತಿನ್ನುವುದನ್ನು ನಿಲ್ಲಿಸಿ ಕೆಲವು ದಿನಗಳಲ್ಲಿ ಸಾಯುತ್ತದೆ. ಮನುಷ್ಯನ ಆಮ್ಲೀಯ ಜಠರದಲ್ಲಿ ಅದಕ್ಕೆ ಅಂಟಲು ಜಾಗವಿಲ್ಲ. ಆದುದರಿಂದ ತಿಂದವರಿಗೆಲ್ಲ ವಿಷವೇರುತ್ತದೆ ಎಂಬ ಪ್ರಚಾರಕ್ಕೆ ಆಧಾರ ದುರ್ಬಲ. ಶ್ರಾವಕನ ಚಿಂತೆ ತನ್ನ ಹೊಟ್ಟೆಯದಾಗಿರದೆ ಹುಳುವಿನದಾಗಿರಬೇಕು.

ಸಿಂಪಡಿಸುವ ವಿಷವು ಕಾಯಿಕೊರಕವನ್ನಷ್ಟೇ ಅಲ್ಲದೆ ಜೇನು, ಜೇಡ, ಗುಲಗಂಜಿ ಹುಳು ಮೊದಲಾದವನ್ನೂ ಕೊಲ್ಲುತ್ತದೆ. ಸಿಂಪಡಿಸುವ ಕೂಲಿಯವನ ಶ್ವಾಸಕ್ಕೂ ಇಳಿಯುತ್ತದೆ. ಅದರೊಡನೆ ಹೋಲಿಸಿದರೆ, ಗಿಡವನ್ನು ತಿಂದ ಮರಿಹುಳುವನ್ನು ಮಾತ್ರ ಕೊಲ್ಲುವ ಬಿ.ಟಿ.ಯಲ್ಲಿ ಹಿಂಸೆಯ ಹರವು ಕಡಿಮೆ ಎಂಬುದು ಸತ್ಯ. ಮೊದಲ ವರ್ಷಗಳಲ್ಲಿ ಸಿಂಪಡಣೆ ಇಳಿದದ್ದೂ ಸತ್ಯ. 2002ರಿಂದ 2008ರವರೆಗಿನ ಮಾಹಿತಿಯನ್ನು ಆಧರಿಸಿ ಕಾಥಾಗೆ ಮತ್ತು ಕೈಮ್ ಎಂಬ ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನವು ಎಕರೆ ಇಳುವರಿಯಲ್ಲಿ 24 ಪ್ರತಿಶತ, ರೈತನ ಲಾಭದಲ್ಲಿ 50 ಪ್ರತಿಶತ ಹೆಚ್ಚಳವನ್ನು ತೋರಿಸಿತು. ವಿರೋಧಿಗಳು ಇದನ್ನು ಮುಚ್ಚಿಡುವುದು ಸತ್ಯವ್ರತಕ್ಕೆ ತಕ್ಕುದಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗುಲಾಬಿ ಕಾಯಿಕೊರಕವು ಮೊದಲ ಪೀಳಿಗೆಯ ಬಿ.ಟಿ.ಗೆ ಬಗ್ಗುತ್ತಿಲ್ಲವೆಂದು ಗುಜರಾತಿನ ಹೊಲಗಳಿಂದ ಬಂದ ಸುದ್ದಿಯನ್ನು ಕಂಪನಿಯೇ 2010ರಲ್ಲಿ ಒಪ್ಪಿಕೊಂಡಿತು. ಕೆಲವೇ ವರ್ಷಗಳಲ್ಲಿ ಎರಡನೆಯ ಪೀಳಿಗೆಯೂ ಅದರೆದುರು ಸೋತಿತು. ರಸ ಹೀರುವ ಕೀಟಗಳ ಮೇಲೆ ಬಿ.ಟಿ.ಯ ಪ್ರಭಾವ ಮೊದಲಿನಿಂದಲೂ ಇರಲಿಲ್ಲ. ಅವುಗಳಿಗೆಂದು ಸಿಂಪಡಣೆ ಮತ್ತೆ ಏರಿತು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಕೆ.ಆರ್. ಕ್ರಾಂತಿ ಮತ್ತು ಗ್ಲೆನ್ ಡೇವಿಸ್ ಸ್ಟೋನ್ 2020ರಲ್ಲಿ ಪ್ರಕಟಿಸಿದ ದೀರ್ಘಕಾಲದ ಪರಿಶೀಲನೆಯ ಪ್ರಕಾರ, ಬಿ.ಟಿ. ಬರುವ ಮೊದಲು ಮಾಡುತ್ತಿದ್ದುದಕ್ಕಿಂತ ಹೆಚ್ಚಿನ ವೆಚ್ಚವನ್ನು ರೈತರು ಕೀಟನಾಶಕಕ್ಕೆ ಮಾಡತೊಡಗಿದ್ದರು. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಕೀಟನಾಶಕ ಸಿಂಪಡಿಸುತ್ತಿದ್ದ ರೈತರೂ ಕೂಲಿಗಳೂ ಸೇರಿ ಸುಮಾರು 20 ಮಂದಿ ವಿಷಬಾಧೆಯಿಂದ ಸತ್ತರು. ಆ ಜಿಲ್ಲೆಯ ಮುಖ್ಯ ಬೆಳೆ ಬಿ.ಟಿ. ಹತ್ತಿಯೇ. ಅಹಿಂಸೆಯ ಹತ್ತಿ ಎಂಬ ಮಾತು ಅಲ್ಲಿಯ ವಿಧವೆಯರೆದುರು ಆಡಬಹುದಾದುದಲ್ಲ.

ಹುಳುವಿನ ಪಾಲು

ಈ ಸೋಲಿಗೆ ಕಾರಣವಾದ ಅನೇಕ ಸಂಗತಿಗಳಲ್ಲಿ ಒಂದನ್ನು ಪ್ರತಿಯೊಬ್ಬ ಜೈನನೂ ಅರಿಯಬೇಕು. ಬಿ.ಟಿ. ಹತ್ತಿಗೆ ಅನುಮತಿ ನೀಡುವಾಗಲೇ ಸರ್ಕಾರ ಒಂದು ಷರತ್ತನ್ನು ಹಾಕಿತ್ತು. ಹೊಲದ ಸುತ್ತ ಐದು ಸಾಲು ಅಥವಾ ವಿಸ್ತೀರ್ಣದ 20 ಪ್ರತಿಶತ, ಇವೆರಡರಲ್ಲಿ ಹೆಚ್ಚಿನದಾದಷ್ಟು ಜಾಗದಲ್ಲಿ ಬಿ.ಟಿ. ಅಲ್ಲದ ಹತ್ತಿಯನ್ನು ಬಿತ್ತಬೇಕು. ಅದಕ್ಕಾಗಿ 450 ಗ್ರಾಮಿನ ಬಿ.ಟಿ. ಬೀಜದೊಡನೆ 120 ಗ್ರಾಮಿನ ಸಾಧಾರಣ ಬೀಜದ ಪೊಟ್ಟಣವನ್ನೂ ಕೊಡಲಾಗುತ್ತಿತ್ತು. ಆ ಸಾಲುಗಳಲ್ಲಿ ಹುಳುಗಳು ವಿಷವಿಲ್ಲದೆ ತಿಂದು ಬದುಕುತ್ತವೆ. ವಿಷಕ್ಕೆ ಬಗ್ಗದೆ ಉಳಿದ ಒಂದೆರಡು ಪತಂಗಗಳು ಅವುಗಳೊಡನೆ ಕೂಡಿದಾಗ ಮುಂದಿನ ಸಂತತಿ ಮತ್ತೆ ದುರ್ಬಲವಾಗಿಯೇ ಹುಟ್ಟುತ್ತದೆ. ಅಂದರೆ, ಹುಳುವಿಗೆ ಅದರ ಪಾಲನ್ನು ಬಿಟ್ಟುಕೊಟ್ಟರೆ ಮಾತ್ರ ಮನುಷ್ಯನ ಪಾಲು ಉಳಿಯುತ್ತದೆ ಎಂದು ಆಧುನಿಕ ಕೀಟಶಾಸ್ತ್ರವೇ ಲೆಕ್ಕ ಹಾಕಿ ಹೇಳಿತು.

ಮುಂದೆ ನಡೆದುದೇನು? ಆ ಚಿಕ್ಕ ಪೊಟ್ಟಣವನ್ನು ಬಹುಪಾಲು ಹೊಲಗಳಲ್ಲಿ ಬಿತ್ತಲಿಲ್ಲ. ಐದು ಸಾಲು ಹತ್ತಿ ನಷ್ಟವಾದೀತೆಂದು ರೈತ ಅಂಜಿದ. ಅದರ ಮಹತ್ತ್ವವನ್ನು ಮನದಟ್ಟು ಮಾಡಲು ಮಾರಿದವರು ಶ್ರಮಿಸಲಿಲ್ಲ. ಮೇಲ್ವಿಚಾರಣೆ ಮಾಡಬೇಕಾದವರು ಹೊಲಕ್ಕೆ ಇಳಿಯಲಿಲ್ಲ. ಎಲ್ಲವೂ ತನಗೇ ಬೇಕೆಂಬ ಪರಿಗ್ರಹಬುದ್ಧಿಯು ಹತ್ತು ಹನ್ನೆರಡು ವರ್ಷಗಳಲ್ಲಿ ಒಂದು ತಂತ್ರಜ್ಞಾನವನ್ನೇ ನುಂಗಿತು. ಅಪರಿಗ್ರಹವನ್ನು ಮೋಕ್ಷಮಾರ್ಗದ ಮಾತೆಂದು, ವ್ಯವಹಾರಕ್ಕೆ ಒಗ್ಗದ ಆದರ್ಶವೆಂದು ಪಕ್ಕಕ್ಕಿಡುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇರೆ ಬೇಕೇ? ಈ ಷರತ್ತನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ನಿಷ್ಠೆಯಿಂದ ಪಾಲಿಸಬೇಕಾಗಿದ್ದವರು ಜೈನ ರೈತರು. ಬೆಳಗಾವಿಯಿಂದ ಹಾವೇರಿಯವರೆಗೆ ಹೊಲ ಉಳುವ ಜೈನ ಮನೆತನಗಳು ಅನೇಕವಿವೆ. ಆ ಹೊಲಗಳಾದರೂ ಬೇರೆಯಾಗಿ ಕಾಣಬೇಕಾಗಿತ್ತು.

ಇಲ್ಲಿ ಸಿದ್ಧಾಂತದ ಒಂದು ಸೂಕ್ಷ್ಮವಿದೆ. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ತಿಯಾಗಿ ತಪ್ಪವು. ಆದರೆ ಸಂಕಲ್ಪೀ ಹಿಂಸೆಯನ್ನು ಅವನು ಬಿಡಲೇಬೇಕು. ಭಗವಾನ್ ಋಷಭದೇವನು ಲೋಕಕ್ಕೆ ಕಲಿಸಿದ ಷಟ್ಕರ್ಮಗಳಲ್ಲಿ ಕೃಷಿಯೂ ಒಂದಾದುದರಿಂದ ನೇಗಿಲು ಹಿಡಿದವನು ಪಾಪಿಯಲ್ಲ. ಬೆಳೆಗೆ ಹಾನಿ ಮಿತಿಮೀರಿದಾಗ, ಬೇರೆ ಉಪಾಯಗಳು ಸೋತಾಗ, ವ್ಯಥೆಯಿಂದ ಔಷಧಿ ಹೊಡೆಯುವವನ ಮನಸ್ಸಿನಲ್ಲಿ ಒಂದು ತಡೆಯಾದರೂ ಇರುತ್ತದೆ. ಬೀಜದೊಳಗೇ ವಿಷವನ್ನಿಟ್ಟಾಗ ಆ ತಡೆ ಇಲ್ಲವಾಗುತ್ತದೆ. ಹುಳು ಹೆಚ್ಚಿರಲಿ ಕಡಿಮೆಯಿರಲಿ, ಹಾನಿ ಆಗಲಿ ಬಿಡಲಿ, ಎಲೆಯೆಲೆಯಲ್ಲೂ ಹಗಲಿರುಳೂ ವಿಷ ಕಾದಿರುತ್ತದೆ. ಬಿತ್ತುವ ದಿನವೇ ಕೊಲ್ಲುವ ನಿರ್ಧಾರ ಮುಗಿದಿರುತ್ತದೆ. ಪ್ರಮತ್ತಯೋಗವೇ ಹಿಂಸೆಯ ಮೂಲವೆಂದು ನಂಬಿದ ಧರ್ಮಕ್ಕೆ ಈ ಭೇದ ಸಣ್ಣದಲ್ಲ. ಬಿ.ಟಿ. ಬೀಜದ ಮೇಲಿನ ನಿಜವಾದ ಜೈನ ಆಕ್ಷೇಪ ಇರಬೇಕಾದುದು ಇಲ್ಲಿ.

ಬೇಲಿ ಹಾಕುವ ಬೀಜ

ಹಾಗಾದರೆ ಒಪ್ಪಬಹುದಾದ ಬೀಜ ಯಾವುದು? ಕೊಲ್ಲದೆ ತಡೆಯುವ ಬೀಜ. ಎಲೆಯ ಮೇಲೆ ದಟ್ಟವಾದ ರೋಮವಿರುವ ಹತ್ತಿ ತಳಿಗಳ ಮೇಲೆ ಜಿಗಿಹುಳು ಸುಲಭವಾಗಿ ನೆಲೆಸಲಾರದು. ಅದು ವಿಷವಲ್ಲ, ಬೇಲಿ. ಕಲಬುರಗಿಯ ಸೀಮೆಯಲ್ಲಿ ತೊಗರಿಯನ್ನು ಸೊರಗು ರೋಗ ಸುಡುತ್ತಿದ್ದಾಗ, ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಆಯ್ಕೆಯ ಮಾರ್ಗದಿಂದ ರೋಗನಿರೋಧಕ ತಳಿಯೊಂದನ್ನು ಪಡೆದರು. 1986ರಲ್ಲಿ ಅದು ಮಾರುತಿ ಎಂಬ ಹೆಸರಿನಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಒಂದು ಹುಳುವನ್ನೂ ಕೊಲ್ಲದೆ ಅದು ತೊಗರಿಯ ನಾಡನ್ನು ಕಾಯಿತು. ರೈತರು ಬೀಜವನ್ನು ತಾವೇ ಎತ್ತಿಟ್ಟು ಹಂಚಿಕೊಂಡರು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬಡ ರೈತ ದಾದಾಜಿ ಖೋಬ್ರಾಗಡೆ 1983ರಲ್ಲಿ ತನ್ನ ಗದ್ದೆಯಲ್ಲಿ ಬೇರೆಯಾಗಿ ಕಂಡ ಕೆಲವು ತೆನೆಗಳನ್ನು ಆರಿಸಿ, ವರ್ಷಗಟ್ಟಲೆ ಬೆಳೆಸಿ ಎಚ್.ಎಂ.ಟಿ. ಭತ್ತವನ್ನು ಲೋಕಕ್ಕೆ ಕೊಟ್ಟರು. ಬೀಜ ನಾಡೆಲ್ಲ ಹರಡಿತು. 2018ರಲ್ಲಿ ತೀರಿಕೊಳ್ಳುವವರೆಗೂ ಅವರು ಬಡವರಾಗಿಯೇ ಇದ್ದರು.

ಕುಲಾಂತರಿ ಮಾರ್ಗದಲ್ಲೂ ಬೇಲಿ ಹಾಕುವ ಬೀಜ ಸಾಧ್ಯವಿದೆ. ಹವಾಯಿ ದ್ವೀಪಗಳಲ್ಲಿ ಪಪ್ಪಾಯಿಯನ್ನು ಉಂಗುರಚುಕ್ಕೆ ವೈರಸ್ ನಾಶಮಾಡುತ್ತಿದ್ದಾಗ ಡೆನಿಸ್ ಗೊನ್ಸಾಲ್ವೆಸ್ ಮತ್ತು ಸಂಗಡಿಗರು ಆ ವೈರಸ್ಸಿನದೇ ಜೀನಿನ ಒಂದು ಭಾಗವನ್ನು ಗಿಡಕ್ಕೆ ಸೇರಿಸಿ ರೋಗ ತಾಗದ ತಳಿಯನ್ನು ಮಾಡಿದರು. 1998ರಲ್ಲಿ ಅದರ ಬೀಜವನ್ನು ರೈತರಿಗೆ ಉಚಿತವಾಗಿ ಹಂಚಲಾಯಿತು. ಈ ಗಿಡದಿಂದ ಹುಳುವೊಂದೂ ಸಾಯುವುದಿಲ್ಲ. ಕುಲವನ್ನು ಮಾತ್ರ ನೋಡುವವರು ಈ ಪಪ್ಪಾಯಿಯನ್ನು ಬಿ.ಟಿ. ಹತ್ತಿಯ ಸಾಲಿನಲ್ಲೇ ನಿಲ್ಲಿಸುತ್ತಾರೆ. ವಿಷದ ಡಬ್ಬಿಯಿಲ್ಲದೆ ಬೆಳೆಯದ ಹೈಬ್ರಿಡ್ಡನ್ನು ಮಾರುತಿ ತೊಗರಿಯ ಪಕ್ಕದಲ್ಲಿ ಕೂರಿಸುತ್ತಾರೆ. ಎರಡೂ ತಪ್ಪು.

2025ರ ಮೇ 4ರಂದು ಭಾರತೀಯ ಕೃಷಿ ಸಂಶೋಧನಾ ಮಂಡಳಿ ಪ್ರಕಟಿಸಿದ ಜೀನ್ ತಿದ್ದಿದ ಎರಡು ಭತ್ತದ ತಳಿಗಳಲ್ಲಿ ಅನ್ಯ ಜೀವಿಯ ಜೀನನ್ನು ಉಳಿಸಿಲ್ಲ. ಅನ್ಯ ಜೀವಿಯ ಅಂಶವಿದೆಯೇ ಎಂಬ ಒಂದೇ ಪ್ರಶ್ನೆಯನ್ನು ನೆಚ್ಚಿಕೊಂಡವರು ಇಂಥ ಬೀಜದೆದುರು ಮೂಕರಾಗಬೇಕಾಗುತ್ತದೆ.

ಬೀಜ ಯಾರ ಸ್ವತ್ತು?

ಅಹಿಂಸೆಯಂತೆಯೇ ಅಚೌರ್ಯ ಮತ್ತು ಅಪರಿಗ್ರಹಗಳೂ ಬೀಜದ ಪ್ರಶ್ನೆಯಲ್ಲಿ ಅಡಗಿವೆ. ಕುಲಾಂತರಿಯಾದ ಕಾರಣಕ್ಕೇ ಹತ್ತಿಯ ಬೀಜವನ್ನು ಎತ್ತಿಡಲಾಗುವುದಿಲ್ಲ ಎಂಬ ತಿಳುವಳಿಕೆ ಸರಿಯಲ್ಲ. ಬೇರೆ ದೇಶಗಳಲ್ಲಿ ಬಿ.ಟಿ. ಹತ್ತಿ ಹೆಚ್ಚಾಗಿ ನೇರ ತಳಿಗಳಲ್ಲಿದೆ. ಭಾರತದಲ್ಲಿ ಮಾತ್ರ ಅದು ಬಹುಪೂರ್ತಿ ಹೈಬ್ರಿಡ್‌ಗಳಲ್ಲಿ ಬಂತು. ಹೈಬ್ರಿಡ್ಡಿನ ಮರುಪೀಳಿಗೆ ಒಂದೇ ರೀತಿ ಬರುವುದಿಲ್ಲವಾದ್ದರಿಂದ ರೈತ ವರ್ಷವರ್ಷವೂ ಅಂಗಡಿಗೆ ಹೋಗಬೇಕು. ಆರಂಭದಲ್ಲಿ ಪೊಟ್ಟಣವೊಂದಕ್ಕೆ 1,600 ರೂಪಾಯಿಯ ಆಸುಪಾಸಿನಲ್ಲಿದ್ದ ಬೆಲೆ 2006ರಲ್ಲಿ ಆಂಧ್ರ ಪ್ರದೇಶ ಸರ್ಕಾರ ನ್ಯಾಯಮಂಡಲಿಯ ಮೊರೆಹೊಕ್ಕ ಬಳಿಕವೇ 750ಕ್ಕೆ ಇಳಿಯಿತು. ಬೆಲೆ ಅರ್ಧಕ್ಕಿಳಿದರೂ ಕಂಪನಿಗಳು ಬೀಜ ಮಾರುತ್ತಲೇ ಇದ್ದವು. ಮೊದಲು ವಸೂಲಾದ ಬೆಲೆಯಲ್ಲಿ ಲೋಭದ ಪಾಲೆಷ್ಟಿತ್ತೆಂದು ಓದುಗರೇ ಊಹಿಸಬಹುದು.

ಸಾರ್ವಜನಿಕ ಸಂಸ್ಥೆಗಳ ದಾಖಲೆಯೂ ನಿಷ್ಕಳಂಕವಲ್ಲ. ರೈತರು ಎತ್ತಿಟ್ಟುಕೊಳ್ಳಬಹುದಾದ ಬಿಕಾನೇರಿ ನರ್ಮಾ ಬಿ.ಟಿ. ಎಂಬ ತಳಿಯನ್ನು ನಾಗಪುರದ ಹತ್ತಿ ಸಂಸ್ಥೆಯೂ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಸೇರಿ ರೂಪಿಸಿ 2009ರಲ್ಲಿ ಹೊಲಕ್ಕೆ ತಂದವು. ಅದರಲ್ಲಿ ಖಾಸಗಿ ಕಂಪನಿಯ ಜೀನ್ ಕಂಡುಬಂದುದರಿಂದ ಬೀಜವನ್ನು ಹಿಂತೆಗೆಯಬೇಕಾಯಿತು, ಎಸ್.ಕೆ. ಸೋಪೊರಿ ಅಧ್ಯಕ್ಷತೆಯ ಸಮಿತಿ 2012ರಲ್ಲಿ ಅದರ ವಿಚಾರಣೆಯ ವರದಿ ಕೊಟ್ಟಿತು. ಬಡ ರೈತನಿಗೆ ದೊರೆಯಬಹುದಾಗಿದ್ದ ಬೀಜವೊಂದು ಹೀಗೆ ಇಲ್ಲವಾಯಿತು.

ಕಾನೂನು ಮಾತ್ರ ರೈತನ ಕೈಬಿಟ್ಟಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಕಲಮು, ಸಂರಕ್ಷಿತ ತಳಿಯ ಬೀಜವನ್ನೂ ಎತ್ತಿಡುವ, ಮರುಬಿತ್ತುವ, ಹಂಚುವ, ಬ್ರಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಹಕ್ಕು ಕಾಗದದ ಮೇಲೆ ಉಳಿದಿದೆ. ಎತ್ತಿಡಲು ತಕ್ಕ ಬೀಜ ಹೊಲಗಳಿಂದ ಮರೆಯಾಗುತ್ತಿದೆ.

ಟ್ರಸ್ಟ್‌ಗಳ ಹೊಣೆ

2010ರ ಫೆಬ್ರವರಿ 9ರಂದು ಕೇಂದ್ರ ಸಚಿವ ಜೈರಾಂ ರಮೇಶ್ ಬಿ.ಟಿ. ಬದನೆಗೆ ತಡೆ ಹಾಕಿದಾಗ ದೇಶದ ಅನೇಕ ಧಾರ್ಮಿಕ ಸಮಾಜಗಳು ಹರ್ಷಿಸಿದವು. ಉಡುಪಿಯ ಮಟ್ಟುಗುಳ್ಳದಂತಹ ನಾಟಿ ತಳಿಗಳ ಬಗ್ಗೆ ಕನ್ನಡಿಗರಿಗಿದ್ದ ಆತಂಕ ನ್ಯಾಯವಾದುದೇ. ಆದರೆ ಬದನೆಯನ್ನೇ ತಿನ್ನದವರು ಬದನೆಯ ತಡೆಗೆ ಹರ್ಷಿಸುವುದರಲ್ಲಿ ತ್ಯಾಗವೇನಿದೆ? ತನಗೆ ನಷ್ಟವಿಲ್ಲದ ಕಡೆ ಧರ್ಮವನ್ನು ಆಚರಿಸುವುದು ಸುಲಭ. ಶ್ರಾವಕಾಚಾರದ ಗ್ರಂಥಗಳು ಗೃಹಸ್ಥನಿಗೆ ಸಲ್ಲದೆಂದು ಎಣಿಸುವ ವ್ಯಾಪಾರಗಳಲ್ಲಿ ವಿಷವಾಣಿಜ್ಯವೂ ಒಂದು. ಪರ್ಯೂಷಣದಲ್ಲಿ ಹಸಿರು ತರಕಾರಿಯನ್ನೂ ಬಿಡುವ ಮನೆ ಕೀಟನಾಶಕದ ಅಂಗಡಿಯನ್ನು ಬಿಡದಿದ್ದರೆ, ಆ ತ್ಯಾಗದ ತೂಕವೆಷ್ಟು? ನಕಲಿ ಬೀಜ, ಅನುಮತಿಯಿಲ್ಲದ ಕಳೆನಾಶಕ ನಿರೋಧಕ ಹತ್ತಿಯ ಬೀಜ, ಇವು ಕೈಬದಲಾಗುವ ಪೇಟೆಯಲ್ಲಿ ಮೌನವಾಗಿರುವ ವ್ಯಾಪಾರಿಯು ಪ್ರತಿರೂಪಕ ವ್ಯವಹಾರವೆಂಬ ಅತಿಚಾರದಿಂದ ದೂರವಿದ್ದಾನೆಯೇ?

ಜಮೀನು ಉಳಿಸಿಕೊಂಡಿರುವ ಬಸದಿಗಳೂ ಟ್ರಸ್ಟ್‌ಗಳೂ ಈ ವಿಷಯದಲ್ಲಿ ಮೇಲ್ಪಂಕ್ತಿ ಹಾಕಬೇಕು. ಟ್ರಸ್ಟಿನ ಹೊಲದಲ್ಲಿ ಹತ್ತಿ ಬೆಳೆದರೆ, ಹುಳುವಿನ ಪಾಲಿನ ಸಾಲುಗಳನ್ನು ಬಿಟ್ಟೇ ಬೆಳೆಯಬೇಕೆಂಬ ನಿಯಮವಿರಲಿ. ಗಂಡು ಪತಂಗ ಹೆಣ್ಣನ್ನು ಸೇರದಂತೆ ಮಾಡುವ ಗಂಧದ ದಾರಗಳು ಈಗ ದೊರೆಯುತ್ತವೆ. ಡಿಸೆಂಬರಿನ ವೇಳೆಗೆ ಬೆಳೆ ಮುಗಿಸಿ ಗುಲಾಬಿ ಕಾಯಿಕೊರಕಕ್ಕೆ ಮುಂದಿನ ಆಹಾರವಿಲ್ಲದಂತೆ ಮಾಡಲು ತಜ್ಞರು ಹೇಳುತ್ತ ಬಂದಿದ್ದಾರೆ. ಹುಟ್ಟಿದುದನ್ನು ಕೊಲ್ಲುವುದಕ್ಕಿಂತ ಹುಟ್ಟಿನ ಅವಕಾಶವನ್ನೇ ಕುಗ್ಗಿಸುವುದು ಅಹಿಂಸೆಗೆ ಹತ್ತಿರ. ಬೀಜ ಕೊಳ್ಳುವಾಗ, ಅದನ್ನು ತಯಾರಿಸಿದ ಹೊಲದಲ್ಲಿ ಮಕ್ಕಳನ್ನು ದುಡಿಸಿಲ್ಲವೆಂಬ ಬರಹದ ಭರವಸೆಯನ್ನು ಟ್ರಸ್ಟ್‌ಗಳು ಕೇಳಲಿ. ಒಂದು ಟ್ರಸ್ಟ್ ಕೇಳಿದರೆ ವ್ಯಾಪಾರಿ ನಕ್ಕಾನು. ನೂರು ಟ್ರಸ್ಟ್‌ಗಳು ಕೇಳಿದರೆ ಉತ್ತರ ಹುಡುಕಲೇಬೇಕಾಗುತ್ತದೆ. ಊರಿನ ನಾಟಿ ತೊಗರಿ, ಜೋಳ, ಕಡಲೆ, ಹತ್ತಿಗಳ ಬೀಜವನ್ನು ಸಂಗ್ರಹಿಸಿ, ಒಂದು ಪಾವು ಪಡೆದವನು ಸುಗ್ಗಿಯಲ್ಲಿ ಎರಡು ಪಾವು ಹಿಂದಿರುಗಿಸುವ ಬೀಜಭಂಡಾರವೊಂದು ಪ್ರತಿ ಬಸದಿಯ ಆವರಣದಲ್ಲಿರಲಿ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಆಹಾರವೂ ಅಭಯವೂ ಅಂಥ ಬೀಜದಲ್ಲಿ ಒಟ್ಟಿಗೆ ಕೂಡುತ್ತವೆ.

ಸಾಸಿವೆಯ ಡಿ.ಎಂ.ಎಚ್.-11 ತಳಿಯ ಕುರಿತು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು 2024ರ ಜುಲೈ 23ರಂದು ಭಿನ್ನ ತೀರ್ಪುಗಳನ್ನು ಕೊಟ್ಟರು. ಆದರೆ ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿ ಬೇಕೆಂಬುದರಲ್ಲಿ ಇಬ್ಬರೂ ಒಂದಾದರು. ಅಂಥ ನೀತಿ ರೂಪುಗೊಳ್ಳುವಲ್ಲಿ ಜೈನ ಸಮಾಜ ಏನು ಹೇಳಬೇಕು? ಮೀನಿನ ಟೊಮೆಟೊದ ಕಥೆಯನ್ನು ಹೇಳಿದರೆ ಯಾರೂ ಕೇಳರು. ಈ ಬೀಜ ಯಾವ ಜೀವವನ್ನು, ಎಷ್ಟು, ಯಾವ ಅಗತ್ಯಕ್ಕೆ ಕೊಲ್ಲುತ್ತದೆ. ಇದನ್ನು ಎತ್ತಿಡುವ ಸ್ವಾತಂತ್ರ್ಯ ಯಾರಿಗಿದೆ. ಇದನ್ನು ಮಾಡಿದ ಕೈ ಯಾರದು. ಇದರ ಬಗ್ಗೆ ಮಾರುವವನು ಸತ್ಯ ನುಡಿಯುತ್ತಾನೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕುಲಾಂತರಿಗೂ ಸಾಂಪ್ರದಾಯಿಕಕ್ಕೂ ಸಮಾನವಾಗಿ ಕೇಳಿದರೆ, ಉತ್ತರಿಸುವ ಹೊಣೆ ಎಲ್ಲರ ಮೇಲೂ ಬೀಳುತ್ತದೆ.

ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತ ಬಾಹುಬಲಿಸ್ವಾಮಿಯ ಕಾಲ್ಗಳನ್ನೂ ತೋಳುಗಳನ್ನೂ ಬಳ್ಳಿ ಸುತ್ತಿದೆ. ಪಾದದ ಬಳಿ ಹುತ್ತಗಳೆದ್ದಿವೆ. ಆ ಬಳ್ಳಿ ಯಾವ ಕುಲದ್ದೆಂದು ಸ್ವಾಮಿ ವಿಚಾರಿಸಲಿಲ್ಲ, ಹುತ್ತದೊಳಗಿನ ಜೀವಿಗಳನ್ನು ಕೊಡವಲಿಲ್ಲ. ಗೃಹಸ್ಥನಿಗೆ ಅಷ್ಟು ಸಾಧ್ಯವಿಲ್ಲ. ಐದು ಸಾಲು ಬಿಡುವುದು ಸಾಧ್ಯವಿದೆ.